ಹಳೇ ಬೆಂಗಳೂರಿನ ಕೊಳಾಯಿಗೆ ದುಡ್ಡು ಕೊಟ್ಟವರು ಯಾರು?

ಕಾವೇರಿ ನೀರು, ಒಳಚರಂಡಿ ಬೇಕಿದ್ದರೆ ಹೊರವಲಯದವರೇ ಪೂರ್ತಿ ಖರ್ಚು ಭರಿಸಲಿ ಎಂಬ ವಾದ ಓದಿದೆ. ಕೇಳಲು ನ್ಯಾಯವಾಗಿಯೇ ಇದೆ, ಇತಿಹಾಸ ಮರೆತವರಿಗೆ. 1933ರ ತಿಪ್ಪಗೊಂಡನಹಳ್ಳಿ ಜಲಾಶಯವನ್ನು, 1974ರ ಕಾವೇರಿ ಮೊದಲ ಹಂತವನ್ನು ಬಸವನಗುಡಿಯವರು ಮನೆಗಿಷ್ಟೆಂದು ಚಂದಾ ಎತ್ತಿ ಕಟ್ಟಿಸಿದರೇ?

ಹೊರವಲಯದ 110 ಹಳ್ಳಿಗಳನ್ನು 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡಿದ್ದು ಸರ್ಕಾರ. ಆಸ್ತಿ ತೆರಿಗೆ ವಸೂಲಿಗೆ ತಡವಾಗಲಿಲ್ಲ. ಅಲ್ಲಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಜನ ಟ್ಯಾಂಕರಿಗೆ, ಬತ್ತುವ ಬೋರ್‌ವೆಲ್ಲಿಗೆ ಸುರಿದ ಹಣ ಯಾರ ಲೆಕ್ಕದಲ್ಲೂ ಇಲ್ಲ. ಒಳಚರಂಡಿಯದಂತೂ ಇನ್ನೂ ಸ್ಪಷ್ಟ: ಕೊಳಚೆಗೆ ವಾರ್ಡಿನ ಗಡಿ ಗೊತ್ತಿಲ್ಲ. ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆಗೆ ಹಳೇ ನಗರದ ಕೊಳಚೆಯ ಪಾಲೂ ಇತ್ತಲ್ಲ!

ಹಾಗೆಂದು ಎಲ್ಲವೂ ಬಿಟ್ಟಿ ಬೇಡ. ರಸ್ತೆಯಿಂದ ಮನೆಯೊಳಗೆ ಬರುವ ಸಂಪರ್ಕ ಮಾಲೀಕನ ಖರ್ಚು, ಸರಿ. ಮುಖ್ಯ ಕೊಳವೆ, ಪಂಪಿಂಗ್, ಶುದ್ಧೀಕರಣ ಘಟಕಗಳ ಭಾರ ಇಡೀ ಊರಿನದು. ಉಳಿದದ್ದನ್ನು ಕಂತಿನಲ್ಲಿ, ಕಟ್ಟಡದ ವಿಸ್ತೀರ್ಣ ನೋಡಿ ಕೇಳಲಿ. ಒಂದು ಕೋಣೆಯ ಮನೆಗೂ ಅಪಾರ್ಟ್‌ಮೆಂಟಿಗೂ ಒಂದೇ ದರವೆಂದರೆ ನಾನೂ ತಕರಾರು ತೆಗೆಯುತ್ತೇನೆ. ಕೊಳವೆ ಬಂದೊಡನೆ ಬೆಲೆ ಏರುವ ಖಾಲಿ ನಿವೇಶನಗಳ ಒಡೆಯರಿದ್ದಾರಲ್ಲ, ಮೊದಲ ಬಿಲ್ ಅವರಿಗೇ ಹೋಗಲಿ.