ಊತ ಬರದಿದ್ದರೆ ಸೋಂಕಿಲ್ಲವೇ?



‘ತೋಳಲ್ಲಿ ಊತವೇ ಬರದ ಮಗುವಿಗೆ ಕ್ಷಯದ ಮಾತ್ರೆ ಏಕೆ?’ ಎಂದು ಕೇಳಿದ ಕಳೆದ ಸಂಚಿಕೆಯ ಬರಹ ಕೇಳಲು ಹಿತ, ನಂಬಿದರೆ ಅಪಾಯ.

ತೋಳಿಗೆ ಚುಚ್ಚಿ ಊತ ನೋಡುವ ಮಾಂಟೂ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ಮೈಗೆ ಅದರ ನೆನಪಿದೆಯೇ ಎಂದಷ್ಟೇ ಕೇಳುತ್ತದೆ. ಎಚ್‌ಐವಿ ಆ ನೆನಪಿಗೇ ಕೈ ಹಾಕುವ ಸೋಂಕು; ಕ್ಷಯಾಣು ಒಳಗಿದ್ದರೂ ಊತ ಬರದಿರಬಹುದು. ಆದ್ದರಿಂದಲೇ ಉಳಿದ ಮಕ್ಕಳಿಗೆ 10 ಮಿ.ಮೀ. ಊತ ಅಳತೆಗೋಲಾದರೆ, ಎಚ್‌ಐವಿ ಇರುವ ಮಗುವಿಗೆ 5 ಸಾಕು. ಅಷ್ಟೂ ಬರಲಿಲ್ಲವೆಂದು ನಿರಾಳವಾಗುವಂತಿಲ್ಲ. ಇಗ್ರಾ ರಕ್ತಪರೀಕ್ಷೆಯನ್ನು ಬಿಸಿಜಿ ಲಸಿಕೆ ದಾರಿ ತಪ್ಪಿಸದು, ನಿಜ. ಆದರೆ ಅದೂ ಅದೇ ನೆನಪನ್ನೇ ನೆಚ್ಚಿದೆ. ಸೋಂಕು ಸುಪ್ತವೋ, ಕಾಯಿಲೆಯಾಗಿದೆಯೋ ಎಂದು ಎರಡೂ ಹೇಳಲಾರವು.

ಲೇಖಕರು ಊತ ಅಳೆಯುವುದನ್ನು ನೋಡಿದ್ದಾರೆಯೇ? ಚುಚ್ಚಿದ 48ರಿಂದ 72 ಗಂಟೆಯೊಳಗೆ ಮಗು ಮತ್ತೆ ಬರಬೇಕು. ಬಾಲ್‌ಪೆನ್ನಿನ ಮೊನೆಯನ್ನು ಚರ್ಮದ ಮೇಲೆ ಮೆಲ್ಲಗೆ ಸರಿಸಿ, ತಡೆದು ನಿಂತಲ್ಲಿ ಗುರುತು ಹಾಕಿ ಅಳೆಯಬೇಕು, ಕೆಂಪನ್ನಲ್ಲ, ಗಟ್ಟಿಯನ್ನು. ನಮ್ಮ ಬೆಂಗಳೂರಿನ ಲಿಂಗರಾಜಪುರದ ಒಂಟಿಕೋಣೆ ಮನೆಯ ತಾಯಿ ಇದಕ್ಕಾಗಿ ಎರಡು ದಿನದ ಕೂಲಿ ಬಿಡಬೇಕು.

1959ರಲ್ಲಿ ಶುರುವಾದ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸಮೀಕ್ಷೆಗಳಲ್ಲಿ ಇದೇ ಪರೀಕ್ಷೆಯಿಂದ ಮಕ್ಕಳ ತೋಳಿನ ಊತ ಅಳೆದದ್ದು ಊರಿನ ಸೋಂಕಿನ ಲೆಕ್ಕಕ್ಕೆ. ಒಂದು ಮಗುವಿನ ಹಣೆಬರಹ ಬರೆಯಲು ಅದು ಸಾಲದು.

ಮನೆಯಲ್ಲಿ ಶ್ವಾಸಕೋಶದ ಕ್ಷಯವಿದ್ದರೆ ಐದು ವರ್ಷದೊಳಗಿನ ಮಗುವಿಗೂ, ಎಚ್‌ಐವಿ ಇರುವ, ಒಂದು ವರ್ಷ ದಾಟಿದ ಮಗುವಿಗೂ, ಸಕ್ರಿಯ ಕಾಯಿಲೆ ಇಲ್ಲವೆಂದು ನೋಡಿಕೊಂಡು, ಈ ಪರೀಕ್ಷೆಗೆ ಕಾಯದೆ ತಡೆಮಾತ್ರೆ ಕೊಡಿ ಎನ್ನುತ್ತದೆ 2021ರ ರಾಷ್ಟ್ರೀಯ ಮಾರ್ಗಸೂಚಿ. ಕೆಮ್ಮು, ಜ್ವರ, ಏರದ ತೂಕ, ಮನೆಯಲ್ಲಿ ಕೆಮ್ಮುವ ಅಜ್ಜ: ಮೊದಲು ಇವನ್ನು ಕೇಳಿ. ಊತ ಆಮೇಲೆ.

— ಲಿಂಗರಾಜಪುರದ ಓದುಗ