ಚೀಲ ಹೊರುವವರ ಲೆಕ್ಕ

ಷಿಕಾಗೋ ನಗರದ ಸಮೀಪ ನೆಲೆಸಿರುವ ನನ್ನ ಸೋದರಳಿಯನಿಗೆ ಐವತ್ತು ದಾಟಿದ ಮೇಲೆ ಗಾಲ್ಫ್ ಆಟದ ಗೀಳು ಹತ್ತಿದೆ. ಕಳೆದ ತಿಂಗಳು ಅವನು ಅಲ್ಲಿನ ವೆಸ್ಟರ್ನ್ ಗಾಲ್ಫ್ ಅಸೋಸಿಯೇಷನ್ ಎಂಬ ಪ್ರಾದೇಶಿಕ ಸಂಸ್ಥೆಯ ಒಂದು ವರ್ಷದ ವರದಿಯನ್ನು ಮಿಂಚಂಚೆಯಲ್ಲಿ ಕಳುಹಿಸಿ, "ಮಾವ, ಶ್ರೀಮಂತರ ಆಟ ಅಂತ ನೀವು ಮೂಗು ಮುರಿಯುತ್ತೀರಲ್ಲ, ಒಮ್ಮೆ ಇದನ್ನು ಓದಿ ನೋಡಿ" ಎಂದು ಬರೆದಿದ್ದ.

ಮೂಗು ಮುರಿಯುವುದು ನಿಜ. ಕೆರೆಯ ನೀರನ್ನೇ ನಂಬಿದ ಊರಿನಲ್ಲಿ ಹುಟ್ಟಿದವನು ನಾನು. ಬೆಂಗಳೂರಿನಲ್ಲಿ ಚಲ್ಲಘಟ್ಟದ ಕೆರೆಯಂಗಳವು ಗಾಲ್ಫ್ ಮೈದಾನವಾದುದನ್ನು ನನ್ನ ಮನಸ್ಸು ಈಗಲೂ ಒಪ್ಪಿಲ್ಲ. ಆದರೆ ಆ ಜಗಳ ಇನ್ನೊಂದು ದಿನಕ್ಕಿರಲಿ.

ವರದಿಯ ಮೊದಲ ಪುಟಗಳು ಎಲ್ಲ ವಾರ್ಷಿಕ ವರದಿಗಳಂತೆಯೇ ಇದ್ದವು. ಪಂದ್ಯಾವಳಿಗಳು, ದಾನಿಗಳು, ನಗುಮುಖದ ಛಾಯಾಚಿತ್ರಗಳು. ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಎಷ್ಟೋ ಬಾರಿ ಅಂತಹ ವರದಿಗಳನ್ನು ಬರೆದು ಓದಿದ್ದೇನಾದ್ದರಿಂದ, ಅವುಗಳಲ್ಲಿ ಯಾವ ಸಾಲನ್ನು ಬಿಟ್ಟು ಓದಬಹುದೆಂಬುದು ನನಗೆ ಗೊತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಕ್ಯಾಡಿಗಳ ವಿಷಯ. ಆಟಗಾರರ ಚೀಲ ಹೊತ್ತು ಹದಿನೆಂಟು ಕುಳಿಗಳುದ್ದಕ್ಕೂ ಅವರ ಜೊತೆ ನಡೆಯುವವರನ್ನು ಕ್ಯಾಡಿಗಳೆನ್ನುತ್ತಾರೆ. ಆ ಸಂಸ್ಥೆಯ ನೆರವಿನಿಂದ ಈಗ ಸಾವಿರಕ್ಕೂ ಹೆಚ್ಚು ಕ್ಯಾಡಿಗಳು ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಓದಿ ಹೊರಬಂದವರ ಸಂಖ್ಯೆ 12,000 ದಾಟಿದೆ. ಬೋಧನಾ ಶುಲ್ಕ, ವಸತಿ ಎರಡನ್ನೂ ಸಂಸ್ಥೆಯೇ ಭರಿಸುತ್ತದೆ.

ಇದರ ಹಿಂದಿನ ಕಥೆಯನ್ನು ಅಳಿಯನನ್ನೇ ಕೇಳಿ ತಿಳಿದುಕೊಂಡೆ. ಚಿಕ್ ಇವಾನ್ಸ್ ಎಂಬ ಷಿಕಾಗೋದ ಹುಡುಗ ಚಿಕ್ಕಂದಿನಲ್ಲಿ ಕ್ಯಾಡಿಯಾಗಿದ್ದವನು. 1916ರಲ್ಲಿ ಅಮೆರಿಕದ ಓಪನ್ ಮತ್ತು ಹವ್ಯಾಸಿಗಳ ಚಾಂಪಿಯನ್‌ಷಿಪ್ ಎರಡನ್ನೂ ಒಂದೇ ವರ್ಷದಲ್ಲಿ ಗೆದ್ದ ಮೊದಲಿಗ. ಓಪನ್ ಪಂದ್ಯವನ್ನು ಅವನು ಗೆದ್ದದ್ದು ಬರೀ ಏಳು ಕೋಲುಗಳಿಂದ. ಇಂದಿನ ನಿಯಮದಲ್ಲಿ ಹದಿನಾಲ್ಕರವರೆಗೆ ಒಯ್ಯಬಹುದು. ಗೆದ್ದ ಮೇಲೆ ಗಾಲ್ಫ್ ಪಾಠಗಳ ಧ್ವನಿಮುದ್ರಿಕೆಗಳಿಂದ ಅವನಿಗೆ ಒಂದಿಷ್ಟು ಹಣ ಬಂತು. ಅದನ್ನು ಮುಟ್ಟಿದರೆ ಹವ್ಯಾಸಿ ಆಟಗಾರನೆಂಬ ಅರ್ಹತೆ ಹೋಗುತ್ತಿತ್ತು. ಆ ಹಣವನ್ನು ಓದಲು ಅನುಕೂಲವಿಲ್ಲದ ಕ್ಯಾಡಿಗಳಿಗೆ ವಿನಿಯೋಗಿಸೆಂದು ದಾರಿ ತೋರಿಸಿದವಳು ಅವನ ತಾಯಿ. ಇವಾನ್ಸನಿಗೆ ತಾನು ಸೇರಿದ್ದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಲು ಆಗಿರಲಿಲ್ಲ. 1930ರಲ್ಲಿ ಅವನ ಹೆಸರಿನ ವಿದ್ಯಾರ್ಥಿವೇತನ ಪಡೆದ ಮೊದಲ ಇಬ್ಬರು ಕ್ಯಾಡಿಗಳು ಹೋಗಿ ಸೇರಿದ್ದು ಅದೇ ವಿಶ್ವವಿದ್ಯಾಲಯಕ್ಕೆ.

ಈ ವಿದ್ಯಾರ್ಥಿವೇತನಕ್ಕೆ ಅಭ್ಯರ್ಥಿಯು ಒಳ್ಳೆಯ ಗಾಲ್ಫ್ ಆಟಗಾರನಾಗಿರಬೇಕೆಂಬ ಷರತ್ತೇ ಇಲ್ಲ. ಕ್ಯಾಡಿಯಾಗಿ ಮಾಡಿದ ಕೆಲಸ, ಓದಿನಲ್ಲಿ ಪಡೆದ ಅಂಕ, ಮನೆಯ ಕಷ್ಟ ಮತ್ತು ನಡತೆ, ನೋಡುವುದು ಇಷ್ಟನ್ನೇ. ಇದನ್ನು ಓದುತ್ತಿದ್ದಂತೆ ನನಗೆ ಒಬ್ಬ ಹುಡುಗನ ನೆನಪಾಗಿ, ಆ ರಾತ್ರಿ ನಿದ್ರೆ ಬರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಅಂಚಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅವನ ಹೆಸರು ಬರೆಯುವುದಿಲ್ಲ. ಆ ಹಂಚಿನ ಕೊಠಡಿಯಲ್ಲಿ ಕುಳಿತಿದ್ದ ನಿಮ್ಮಲ್ಲಿ ಕೆಲವರಿಗೆ ಗುರುತು ಸಿಕ್ಕೀತು. ಶನಿವಾರ ಬೆಳಗಿನ ತರಗತಿಗೆ ಅವನು ಬರುತ್ತಲೇ ಇರಲಿಲ್ಲ. ಸೋಮವಾರ ನಾನು ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಎತ್ತರ ಮತ್ತು ದೂರದ ಪಾಠಕ್ಕಾಗಿ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಧ್ವಜಸ್ತಂಭದಿಂದ ಹೊಂಗೆ ಮರಕ್ಕೆ ಎಷ್ಟು ದೂರವಿದ್ದೀತೆಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಅವನು ಸ್ವಲ್ಪ ಕಣ್ಣು ಕಿರಿದು ಮಾಡಿ, "ಅರವತ್ತೆರಡು ಗಜ ಸಾರ್" ಎಂದನು. ಟೇಪು ಹಿಡಿದು ಅಳೆದರೆ ಅರವತ್ತೊಂದೂವರೆ.

"ಹೇಗೆ ಹೇಳಿದೆಯೋ?"

"ಆಡೋರು ಕೇಳ್ತಾರೆ ಸಾರ್. ತಪ್ಪು ಹೇಳಿದ್ರೆ ಬೈತಾರೆ."

ಶನಿವಾರ, ಭಾನುವಾರ ಅವನು ಚೀಲ ಹೊರಲು ಹೋಗುತ್ತಿದ್ದನೆಂದು ಅಂದೇ ನನಗೆ ತಿಳಿದದ್ದು. ಆಗ ನಾನು ಏನು ಮಾಡಬೇಕಾಗಿತ್ತು? ಮಾಡಿದ್ದನ್ನು ಹೇಳುತ್ತೇನೆ. ಇಡೀ ತರಗತಿಯ ಮುಂದೆ, "ಹಾಗಾದರೆ ಜೀವಮಾನವಿಡೀ ಕಂಡವರ ಚೀಲ ಹೊರುತ್ತೀಯಾ?" ಎಂದು ಕೇಳಿದೆ. ಮಕ್ಕಳು ನಕ್ಕರು. ಅವನೂ ನಕ್ಕನು. ಮುಂದಿನ ವರ್ಷ ಹಾಜರಾತಿ ಸಾಲದೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲಾಗದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಪಟ್ಟಿಯ ಕೆಳಗೆ ತರಗತಿ ಶಿಕ್ಷಕನ ಸಹಿ ನನ್ನದೇ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಆಮೇಲೆ ಅವನು ಶಾಲೆಯ ಕಡೆ ಸುಳಿಯಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ.

ನಮ್ಮಲ್ಲಿಯೂ ಗಾಲ್ಫ್ ಬೆಳೆದಿದೆ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಬಳಿಯ ಹಳ್ಳಿಯ ಬಡ ಕುಟುಂಬದಿಂದ ಬಂದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದರು. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ನಾಲ್ಕನೆಯವಳಾದಾಗ, ಗಾಲ್ಫಿನ ಗಂಧವಿಲ್ಲದ ನಾನೂ ನಸುಕಿನಲ್ಲೇ ಎದ್ದು ಟಿ.ವಿ. ಮುಂದೆ ಕುಳಿತಿದ್ದೆ. ಅವಳ ಚೀಲ ಹೊತ್ತವರು ಸ್ವಂತ ತಾಯಿ. ಆಟಕ್ಕಿಂತ ಆ ತಾಯಿ ಚೀಲ ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದ ದೃಶ್ಯವೇ ನನಗೆ ಹೆಚ್ಚು ನೆನಪಿದೆ.

ಆದರೆ ಒಬ್ಬ ಮುನಿಯಪ್ಪನವರನ್ನು ತೋರಿಸಿ, "ನೋಡಿ, ಕ್ಯಾಡಿಯೂ ಚಾಂಪಿಯನ್ ಆಗಬಲ್ಲ" ಎನ್ನುವುದು ಸುಲಭ. ಅದು ಮುನಿಯಪ್ಪನವರ ಸಾಧನೆಯೇ ಹೊರತು ನಮ್ಮ ಉದಾರತೆಯಲ್ಲ. ಶಾಲೆಗೆ ರ‍್ಯಾಂಕ್ ಬಂದ ಒಬ್ಬ ಹುಡುಗನ ಚಿತ್ರವನ್ನು ಗೋಡೆಗೆ ನೇತುಹಾಕಿ, ನಪಾಸಾದ ನಲವತ್ತು ಮಂದಿಯನ್ನು ಮರೆತ ಮುಖ್ಯೋಪಾಧ್ಯಾಯರನ್ನು ನಾನು ಕಂಡಿದ್ದೇನೆ. ಎಂದಿಗೂ ಚಾಂಪಿಯನ್ ಆಗದ, ಆಗಬೇಕಾದ ಅಗತ್ಯವೂ ಇಲ್ಲದ ಹುಡುಗನಿಗೆ ಆಟದ ಹಣದಿಂದ ಏನಾಯಿತು? ಗಾಲ್ಫ್ ಸಂಸ್ಥೆಯೊಂದು ತನ್ನ ವರ್ಷದ ಬೆಳವಣಿಗೆಯನ್ನೂ ಸಮಾಜಕ್ಕೆ ಆದ ಉಪಕಾರವನ್ನೂ ಹೇಳಿಕೊಳ್ಳುವಾಗ ನಾನು ಹುಡುಕುವುದು ಈ ಒಂದು ಸಾಲನ್ನು.

ಅಮೆರಿಕದ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತಂದಿಳಿಸಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಚೀಲ ಹೊರುವುದು ಶಾಲಾ ಮಕ್ಕಳಿಗೆ ಬಹುಮಟ್ಟಿಗೆ ಬೇಸಗೆ ರಜೆಯ ಸಂಪಾದನೆ. ಇಲ್ಲಿ ಅದು ಹೊಟ್ಟೆಪಾಡು. 2016ರ ಕಾನೂನು ತಿದ್ದುಪಡಿಯ ಬಳಿಕ ಹದಿನಾಲ್ಕು ತುಂಬದ ಮಕ್ಕಳನ್ನು ಇಂತಹ ದುಡಿಮೆಗೆ ಹಚ್ಚುವುದೇ ಅಪರಾಧ, ಅದು ಒಳ್ಳೆಯದೇ ಆಯಿತು. ಚೀಲ ಹೊತ್ತರೆ ಮಾತ್ರ ಓದಿಸುತ್ತೇವೆಂಬ ಮಾತು ನಮ್ಮ ನೆಲದಲ್ಲಿ ಕ್ರೂರವಾದೀತು. ಇಲ್ಲಿ ಓದಿಸಬೇಕಾದದ್ದು ಕ್ಯಾಡಿಗಳ ಮಕ್ಕಳನ್ನು, ಮತ್ತು ಅರ್ಧಕ್ಕೆ ಶಾಲೆ ಬಿಟ್ಟ ಕ್ಯಾಡಿಗಳಲ್ಲಿ ಮತ್ತೆ ಓದಬೇಕೆನ್ನುವವರನ್ನು. ಖಾಸಗಿಯಾಗಿ ಪರೀಕ್ಷೆ ಕಟ್ಟಿಸುವುದಕ್ಕೆ, ಪಾಠ ಹೇಳಿಕೊಡುವುದಕ್ಕೆ ಎಷ್ಟು ಖರ್ಚು ಬಂದೀತು? ಒಂದು ಪಂದ್ಯಾವಳಿಯ ರಾತ್ರಿಯೂಟದ ಖರ್ಚಿನಷ್ಟೂ ಆಗಲಾರದೆಂದು ನನ್ನ ಊಹೆ. ಹಾಗೆ ಮಾಡುತ್ತಿರುವ ಸಂಸ್ಥೆಗಳಿದ್ದರೆ ಅವುಗಳಿಗೆ ನನ್ನ ನಮಸ್ಕಾರ. ಅವರ ವರದಿ ಓದಲು ನನಗೆ ಬಹಳ ಇಷ್ಟ.

ಅಳಿಯನಿಗೆ ಉತ್ತರ ಬರೆದಿದ್ದೇನೆ. ನಿಮ್ಮಲ್ಲಿಯೂ ಕೆಲವರು ಈಗ ಗಾಲ್ಫ್ ಆಡುತ್ತೀರೆಂದು ಬಲ್ಲೆ. ಒಬ್ಬ ಶಿಷ್ಯ ತನ್ನ ಕೋಲುಗಳ ಬೆಲೆ ಹೇಳಿದಾಗ ನನ್ನ ನಿವೃತ್ತಿ ವೇತನದ ನೆನಪಾಗಿ ಸುಮ್ಮನಾದೆ. ಮುಂದಿನ ಶನಿವಾರ ಮೈದಾನಕ್ಕೆ ಹೋದಾಗ ನಿಮ್ಮ ಚೀಲ ಹೊರುವವನನ್ನು ಎರಡು ಮಾತು ಕೇಳಿ: ನೀನು ಎಷ್ಟನೆಯ ತರಗತಿಗೆ ಶಾಲೆ ಬಿಟ್ಟೆ, ನಿನ್ನ ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಉತ್ತರವನ್ನು ನನಗೆ ಬರೆದು ತಿಳಿಸಿ. ಗಣಿತ ಹೇಳಿಕೊಡುವವರು ಬೇಕಾದರೆ, ಶನಿವಾರ ಬೆಳಗ್ಗೆ ನನಗೆ ಬಿಡುವಿರುತ್ತದೆ.