ಮನೆಯಲ್ಲಿ ಉಳಿದ ಮಕ್ಕಳು

ಆದಿತ್ಯವಾರದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳಕ್ಕೆ ಇಳಿದೊಡನೆ ನಮ್ಮವರು ಕೇಳುವ ಪ್ರಶ್ನೆ ಒಂದೇ: “ಮಗನಿಗೆ ಎಲ್ಲಿ ಕೆಲಸವಾಯಿತು?” ದುಬೈ, ಬೆಂಗಳೂರು ಎಂಬ ಉತ್ತರ ಸಿದ್ಧವಿರುವವರಿಗೆ ಇದು ಕುಶಲ ವಿಚಾರಣೆ. ಪದವಿ ಮುಗಿಸಿಯೂ ಎರಡು ಮೂರು ವರ್ಷಗಳಿಂದ ಮನೆಯಲ್ಲಿಯೇ ಉಳಿದಿರುವ ಮಗನ ಅಥವಾ ಮಗಳ ಹೆತ್ತವರಿಗೆ ಅದು ನ್ಯಾಯಾಲಯದ ವಿಚಾರಣೆ. ಇಂತಹವರಲ್ಲಿ ಕೆಲವರು ಮುಂಜಾನೆಯ ಮೊದಲ ಪೂಜೆಗೆ ಬಂದು ಯಾರ ಕಣ್ಣಿಗೂ ಬೀಳದಂತೆ ಹಿಂತಿರುಗುವುದನ್ನು ನಾವು ಬಲ್ಲೆವು.

ಹೊರಗೆ ಅನುಭವಿಸಿದ ನಾಚಿಕೆ ಮನೆಯೊಳಗೆ ಕೋಪವಾಗುತ್ತದೆ. ನೆರೆಮನೆಯ ಹುಡುಗನೊಡನೆ ಹೋಲಿಕೆ, ಬಡಿಸುವಾಗ ಒಂದು ಚುಚ್ಚುಮಾತು. ಮಗಳಾದರೆ ಮದುವೆಯ ಪ್ರಸ್ತಾಪ. ಬರಬರುತ್ತಾ ಆ ಮಗು ಎಲ್ಲರೂ ಉಂಡ ಮೇಲೆ ಒಬ್ಬನೇ ಬಂದು ಉಣ್ಣತೊಡಗುತ್ತದೆ.

ನಾಲ್ಕನೆಯ ಶತಮಾನದಲ್ಲಿ ಸಂತ ಮೋನಿಕಾ ಅವರ ಮನೆಯಲ್ಲಿಯೂ ಊಟದ ಮೇಜೇ ಸಮಸ್ಯೆಯಾಗಿತ್ತು. ಕಾರ್ತೇಜಿನಲ್ಲಿ ಓದಿ ಊರಿಗೆ ಮರಳಿದ ಮಗ ಅಗಸ್ಟೀನರು ಮಾನಿಕೇಯ ಪಂಥವನ್ನು ಹಿಡಿದಿದ್ದರು. ಅವರು ನಿರುದ್ಯೋಗಿಯಲ್ಲ, ಪಾಠ ಹೇಳುತ್ತಿದ್ದರು. ತಾಯಿಯ ಸಂಕಟ ಬೇರೆಯದು. ಆ ತಾಯಿ ಮಗನೊಡನೆ ಒಂದೇ ಮೇಜಿನಲ್ಲಿ ಉಣ್ಣಲು ನಿರಾಕರಿಸಿದರು. ಆದರೆ ತಾನು ನಿಂತಲ್ಲಿಯೇ ಮಗನೂ ನಿಂತಿರುವಂತೆ ಒಂದು ಕನಸು ಕಂಡ ಬಳಿಕ ಅವನನ್ನು ಮತ್ತೆ ಮನೆಗೂ ಮೇಜಿಗೂ ಸೇರಿಸಿಕೊಂಡರು. ಮಗನೊಡನೆ ವಾದಿಸಿರೆಂದು ಅವರು ಬೇಡಿದಾಗ ಒಬ್ಬ ಬಿಷಪರು, ಆತ ಇನ್ನೂ ಕೇಳುವ ಸ್ಥಿತಿಯಲ್ಲಿಲ್ಲವೆಂದು ಒಪ್ಪಲಿಲ್ಲ. ಅಗಸ್ಟೀನರು ಮಿಲಾನಿನಲ್ಲಿ ಜ್ಞಾನಸ್ನಾನ ಪಡೆದದ್ದು 387ರಲ್ಲಿ. ಮಗ ಬದಲಾಗುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ತಾಯಿ ಅನ್ನವನ್ನು ಮರಳಿ ಬಡಿಸಿದ್ದರು ಎಂಬುದನ್ನು ಆಗಸ್ಟ್ 27ರ ಅವರ ಹಬ್ಬದ ಪ್ರಸಂಗಗಳಲ್ಲಿ ನಾವು ಕೇಳುವುದು ಅಪರೂಪ. ಕಣ್ಣೀರಿನ ಮಾತೇ ಅಧಿಕ.

ಅನ್ನಕ್ಕೆ ಷರತ್ತು ಬೇಡ. ಹಣದ ಮಾತು ಬೇರೆ. ತಿಂಗಳಿಗೆ ಇಷ್ಟೆಂದು ಕುಳಿತು ಮಾತನಾಡಿ ನಿಗದಿಪಡಿಸಿದರೆ ಬಸ್ಸಿನ ಚಾರ್ಜಿಗಾಗಿ ದಿನವೂ ಕೈಯೊಡ್ಡುವ ಅಪಮಾನ ತಪ್ಪುತ್ತದೆ. ಕುಡಿತದ ಅಥವಾ ಆನ್‌ಲೈನ್ ಜೂಜಿನ ಸಾಲವನ್ನು ತಾಯಿಯ ಚಿನ್ನ ಅಡವಿಟ್ಟು ತೀರಿಸುವುದು ಮಾತ್ರ ವಾತ್ಸಲ್ಯವಲ್ಲ. ತೋಟಕ್ಕೆ ನೀರು ಬಿಡುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮುಂತಾದ ಹೊಣೆಗಳನ್ನು ದಂಡನೆಯಾಗಿ ಅಲ್ಲ, ಮನೆಯವನೆಂಬ ಹಕ್ಕಿನಿಂದ ಒಪ್ಪಿಸಬೇಕು.

ರಾತ್ರಿ ನಿದ್ರೆಯಿಲ್ಲದೆ, ಸ್ನಾನ ಊಟಗಳ ಪರಿವೆಯಿಲ್ಲದೆ, ಬದುಕಿ ಫಲವೇನು ಎನ್ನುವ ಮಗುವಿನದು ಸೋಮಾರಿತನವಲ್ಲ. ಜಪಸರದ ಪ್ರಾರ್ಥನೆ ನಡೆಯಲಿ. ವೈದ್ಯರ ಭೇಟಿಯೂ ನಡೆಯಲಿ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ನಿರುದ್ಯೋಗವು ಯುವಜನರನ್ನು ಬಡವರನ್ನಾಗಿಸುವುದು ಮಾತ್ರವಲ್ಲ, ಅವರ ಕನಸುವ ಶಕ್ತಿಯನ್ನೂ ಕುಂದಿಸುತ್ತದೆಂದು ಪೋಪ್ ಫ್ರಾನ್ಸಿಸರು 2019ರಲ್ಲಿ ಯುವಜನರಿಗಾಗಿ ಹೊರಡಿಸಿದ ‘ಕ್ರಿಸ್ತುಸ್ ವಿವಿತ್’ ಪತ್ರದಲ್ಲಿ ಬರೆದರು. ನಮ್ಮ ಧರ್ಮಕೇಂದ್ರಗಳಲ್ಲಿ ಅಂಗಡಿ, ಕಾರ್ಖಾನೆ, ಗುತ್ತಿಗೆ ವ್ಯವಹಾರ ನಡೆಸುವವರಿದ್ದಾರೆ. ಯಾವ ಮನೆಯಲ್ಲಿ ಯಾರು ಕೆಲಸವಿಲ್ಲದೆ ಇದ್ದಾರೆಂದು ವಾಳೆಯ ಗುರಿಕಾರರು ಬಲ್ಲರು. ವಾರ್ಷಿಕ ಹಬ್ಬಕ್ಕೆ ತೋರಣ ಕಟ್ಟಲು ಈ ಹುಡುಗರನ್ನು ಹೆಸರು ಹಿಡಿದು ಕರೆಯುವ ನಾವು, ನಮ್ಮ ಅಂಗಡಿಯಲ್ಲಿ ಒಂದು ಕೆಲಸ ತೆರವಾದಾಗಲೂ ಅವರನ್ನೇ ಮೊದಲು ಏಕೆ ಕರೆಯಬಾರದು?